ತಿರುವಿನ ಎರಡು ಕಂಬ

ಎದುರು ಕಾಣದ ಘಾಟಿ ತಿರುವಿನಲ್ಲಿ ಎರಡು ಕಂಪನಿಗಳು ಒಂದೊಂದು ಕಂಬ ನೆಟ್ಟಿದ್ದವು. ಒಂದರದು ವೈಫೈ, ಇನ್ನೊಂದರದು ಮೊಬೈಲ್ ನೆಟ್‌ವರ್ಕ್. ಎದುರು ಬರುವ ಗಾಡಿಯ ಸುದ್ದಿಯನ್ನು ಕಂಬವೇ ತನ್ನ ಕಂಪನಿಯ ಕಾರಿಗೆ ಮುಟ್ಟಿಸುತ್ತದಂತೆ.

ರೂಢಿಯಂತೆ ಹಾರನ್ ಹೊಡೆಯುತ್ತ ಬಂದ ಲಾರಿ ಚಾಲಕನನ್ನು ಎರಡೂ ಕಂಪನಿಗಳ ಎಂಜಿನಿಯರುಗಳಿಬ್ಬರೂ ತಿರುವಿನಲ್ಲೇ ತಡೆದು ನಿಲ್ಲಿಸಿದರು.

“ಟೆಸ್ಟಿಂಗ್ ನಡೀತಿದೆ. ಹಾರನ್ ಮುಟ್ಟಿದ್ರೆ ನೋಡು!”

“ನಿಮ್ಮಿಬ್ಬರ ಕಾರೂ ಒಂದಕ್ಕೊಂದು ಮಾತಾಡ್ತವಾ ಸಾರ್?”

“ಇವರ ಡಬ್ಬಾ ಜೊತೆ ನಮ್ಮದು ಯಾಕಯ್ಯ ಮಾತಾಡ್ಬೇಕು?” ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮೂಗು ಮುರಿದರು.

ತನ್ನದನ್ನೇ ಮೊದಲು ತೋರಿಸುವ ಆತುರದಲ್ಲಿ ಒಬ್ಬ ಮೇಲಿನಿಂದ, ಇನ್ನೊಬ್ಬ ಕೆಳಗಿನಿಂದ ಕಾರು ಓಡಿಸಿಕೊಂಡು ಬಂದರು. ಎರಡೂ ಪರದೆಗಳಲ್ಲಿ ‘ದಾರಿ ಖಾಲಿ’ ಎಂದಿತ್ತು. ಚಾಲಕನ ಕಣ್ಣೆದುರೇ ಕಾರುಗಳು ಮುಖಾಮುಖಿ ಗುದ್ದಿದವು.

ನುಜ್ಜುಗುಜ್ಜಾದ ಕಾರುಗಳಿಂದ ಇಳಿದವರು ಒಂದೇ ದನಿಯಲ್ಲಿ ಅವನ ಮೇಲೆ ಹರಿಹಾಯ್ದರು:

“ಹಾರನ್ ಹೊಡೆಯೋಕೆ ನಿನಗೇನಾಗಿತ್ತೋ?”