ಮಗ ಮನೆಗೆ ಬರುವ ದಾರಿ

ತವರಿಲ್ಲದ ತುಂಬು ಬಸುರಿ ಸೊಸೆಯನ್ನು ನೆರೆಮನೆಯಲ್ಲಿ ಬಿಟ್ಟು, ಕೆಂಪಸಿದ್ದಮ್ಮ ಮೊದಲ ಬಸ್ಸಿಗೇ ಕೋರ್ಟಿಗೆ ಬಂದಿದ್ದಳು. ಹಿಂದಿನ ದಿನ ಮಗನ ಜೇಬಿನಲ್ಲಿ ಗಾಂಜಾ ಪೊಟ್ಟಣ ಸಿಕ್ಕಿ ಪೊಲೀಸರು ಅವನನ್ನು ಹಿಡಿದು ಒಯ್ದಿದ್ದರು. ಹುಣಸೆಮರದ ಕೆಳಗೆ ಮೇಜು ಹಾಕಿಕೊಂಡಿದ್ದ ವಕೀಲರ ಎದುರಿಗೆ ಅವಳು ನೆಲದಲ್ಲೇ ಕಾಲು ಚಾಚಿ ಕುಳಿತಳು.

“ಹೆದರಬೇಡ ಕಣಮ್ಮ,” ಎಂದರು ವಕೀಲರು. “ಇದೇ ಮೊದಲ ಸಲ, ಸಿಕ್ಕಿದ್ದೂ ಒಂದು ಹಿಡಿ. ತಪ್ಪು ಒಪ್ಪಿಕೊಂಡರೆ ದಂಡ ಹಾಕಿ ಬಿಡಬಹುದು.”

“ಆಗ ಮನ್ಗ ಯಾವಾಗ ಬತ್ತಾನ ಬುದ್ದಿ?”

“ಅವತ್ತೇ ಸಂಜೆಗೆ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಒಪ್ಕಳ್ದೆ ಇದ್ರ?”

“ಕೇಸು ವರ್ಷಗಟ್ಟಲೆ ಎಳೆಯುತ್ತೆ. ಆದ್ರೂ ಜಾಮೀನು ಕೊಡಿಸ್ತೀನಿ, ನಾಳೆಯೇ ಕರಕೊಂಡು ಹೋಗು.”

“ಬ್ಯಾರೆ ದಾರಿ ಇಲ್ವಾ?”

“ಚಟ ಬಿಡಿಸೋ ಆಸ್ಪತ್ರೆಗೆ ಸೇರ್ತೀನಿ ಅಂತ ಅವನು ಕೋರ್ಟಿಗೆ ಕೇಳಿಕೊಳ್ಳಬಹುದು. ಅದು ಬೇಡ ಬಿಡು, ಮೂರು ತಿಂಗಳು ಅಲ್ಲೇ ಇರಬೇಕಾಗುತ್ತೆ.”

“ಅದ್ನೇ ಮಾಡ್ಸಿ.”

ವಕೀಲರು ಪೆನ್ನು ಕೆಳಗಿಟ್ಟರು. “ಸೊಸೆಗೆ ಈ ತಿಂಗಳೇ ಹೆರಿಗೆ ಅಂದೆಯಲ್ಲಮ್ಮ. ಅಂಥಾ ಹೊತ್ತಲ್ಲಿ ಗಂಡ ಮನೇಲಿರೋದು ಬೇಡವಾ?”

ಕೆಂಪಸಿದ್ದಮ್ಮ ಮರಕ್ಕೆ ಬೆನ್ನು ಕೊಟ್ಟಳು. ಅವಳ ದನಿ ಏರಲಿಲ್ಲ.

“ಹೋದ ಸಲ ಅವ್ನು ಒದ್ದೇ ಹೊಟ್ಟೇಲಿದ್ದ ಕೂಸು ಹೋಯ್ತು. ಅದ್ಕೇ ಬುದ್ದಿ, ಈ ಸಲ ಪೋಲೀಸ್ರ ಕರ್ದು ಹಿಡ್ಕೊಟ್ಟಿದ್ದು ನಾನೇ.”