ಎರಡೂವರೆ ಗಂಟೆಯ ದಾರಿ

ಸೂಟ್‌ಕೇಸಿನ ಹೊರಜೇಬಿನಿಂದ ವಿಮಾನದ ಟಿಕೆಟ್ಟು ಜಾರಿ ಬಿದ್ದದ್ದೇ ತಡ, ಬ್ಯಾಗ್ ರಿಪೇರಿಯವನ ಕೈ ನಿಂತುಹೋಯಿತು. ಅಂಥಿಂಥ ಕೈಯಲ್ಲ ಅದು. ಹಲ್ಲುದುರಿದ ಜಿಪ್ಪುಗಳು ಅವನ ಹೆಬ್ಬೆರಳಿನ ನೆರಳು ಕಂಡರೂ ಸಾಕು, ತೆಪ್ಪಗೆ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಅವನು ಚಕ್ರ ಹಾಕಿಕೊಟ್ಟ ಪೆಟ್ಟಿಗೆಗಳು ಸುತ್ತಿದ ಸುತ್ತಿಗೆ ಭೂಮಿಯೇ ತಲೆ ತಿರುಗಿ ಕೂತದ್ದುಂಟು. ಇವನು ಮಾತ್ರ ಇಪ್ಪತ್ತು ವರ್ಷದಿಂದ ಅದೇ ಮೂರಡಿ ಅಂಗಡಿಯಲ್ಲಿ, ಅದೇ ಕುಂಟು ಸ್ಟೂಲಿನ ಮೇಲೆ.

ಟಿಕೆಟ್ಟಿನಲ್ಲಿ ಅಣ್ಣನ ಊರಿನ ಹೆಸರಿತ್ತು. ಹೊರಡುವುದು ಬೆಳಿಗ್ಗೆ ಒಂಬತ್ತು ಹತ್ತಕ್ಕೆ. ತಲುಪುವುದು ಅದೇ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ. ಎರಡೂವರೆ ಗಂಟೆ!

ಇವನಿಗೆ ತನ್ನವರು ಅಂತ ಇದ್ದದ್ದು ಆ ಅಣ್ಣ ಒಬ್ಬನೇ. ಬಾರೋ ಅಂದಾಗಲೆಲ್ಲ "ದೂರ ಕಣೋ, ಪಕ್ಕದ ಬೀದಿ ಅಂದ್ಕೊಂಡ್ಯಾ?" ಎಂದೊಂದು ಮೆಸೇಜು ಬರುತ್ತಿತ್ತು. ಎಂಟು ವರ್ಷದಿಂದ ಮೆಸೇಜು ಬಂದಿತ್ತೇ ಹೊರತು ಅಣ್ಣ ಬಂದಿರಲಿಲ್ಲ. "ನಮ್ಮಣ್ಣನ ಊರಿಗೆ ಸೂರ್ಯನೂ ಬಸ್ಸು ಬದಲಾಯಿಸಿಕೊಂಡು ಹೋಗ್ಬೇಕು" ಎಂದು ಇವನೂ ಬೀದಿ ತುಂಬ ಕೊಚ್ಚಿಕೊಂಡಿದ್ದ.

"ಅಮ್ಮಾ, ಇದು ಬರೀ ಎರಡೂವರೆ ಗಂಟೆ ದಾರಿನಾ?"

ಪೆಟ್ಟಿಗೆಯ ಒಡತಿ ನಕ್ಕುಬಿಟ್ಟಳು. "ಅಯ್ಯೋ, ಹನ್ನೊಂದು ನಲವತ್ತು ಅನ್ನೋದು ಅಲ್ಲಿನ ಗಡಿಯಾರದ ಲೆಕ್ಕ. ಅದು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಕೂತ್ಕೊಂಡು ಸೊಂಟ ಬಿದ್ದೋಗುತ್ತೆ, ಹದಿನೈದು ಗಂಟೆ! ಹದಿಮೂರು ಸಾವಿರ ಕಿಲೋಮೀಟರು."

ಅವನ ಎದೆಯ ಮೇಲಿಂದ ಉರುಳಿದ ಬಂಡೆಗೆ ಆ ಬೀದಿಯ ಕಿಟಕಿಗಳೆಲ್ಲ ಒಡೆಯಬೇಕಿತ್ತು. ಯಾವ ಪುಣ್ಯವೋ, ಒಡೆಯಲಿಲ್ಲ.

"ಇನ್ನೊಂದ್ಸಲ ಹೇಳಿ ತಾಯಿ."

"ಹದಿಮೂರು ಸಾವಿರ."

"ಅದೇ ನಾನೂ ಹೇಳೋದು! ಅಷ್ಟು ದೂರದಿಂದ ಮನುಷ್ಯ ಅನ್ನೋನು ಬರೋಕಾಗುತ್ತಾ? ಪಾಪ." ಜಿಪ್ಪನ್ನು ಸರ್ರನೆ ಎಳೆದು ಹುರುಪಿನಿಂದ ಕೇಳಿದ: "ಏನೋ ಭಾರಿ ಕೆಲಸದ ಮೇಲೆ ಹೊರಟಿದೀರಿ ಅನ್ಸುತ್ತೆ?"

"ಕೆಲಸ ಎಂಥದ್ದು ಬಿಡಿ. ನನ್ನ ತಮ್ಮ ಇದಾನೆ ಅಲ್ಲಿ. ವರ್ಷಕ್ಕೆರಡು ಸಲ ಹೋಗಿ ಅವನ ಮುಖ ನೋಡ್ಕೊಂಡು ಬರ್ತೀನಿ. ಎರಡು ಸಿನಿಮಾ, ಒಂದು ನಿದ್ದೆ, ಅಷ್ಟರಲ್ಲಿ ಊರು ಬಂದೇಬಿಡುತ್ತೆ." ಅವಳು ಪೆಟ್ಟಿಗೆಯ ಹಿಡಿ ಎಳೆದು ನೋಡುತ್ತಾ ಕೇಳಿದಳು, "ಯಾಕೆ, ನಿಮ್ಮೋರೂ ಅಲ್ಲೇ ಇದಾರಾ?"

ಅವನು ಟಿಕೆಟ್ಟನ್ನು ಮಡಿಸಿದ. ಮಡಿಸಿದ್ದನ್ನೇ ಮತ್ತೊಮ್ಮೆ ಮಡಿಸಿ ಅವಳ ಕೈಗಿಟ್ಟ.

"ಇಲ್ಲ ತಾಯಿ. ನಮ್ಮಣ್ಣ ಇರೋದು ಅದಕ್ಕಿಂತ ಇನ್ನೂ ಆ ಕಡೆ. ಅಲ್ಲಿಗೆ ವಿಮಾನ ಇಲ್ಲ."