ಕಲಿಯುವ ಮುನ್ನವೇ ಬಂದ ಪ್ರಮಾಣಪತ್ರ

ಮುಂಬಯಿ ಬಳಿಯ ಕಲ್ಯಾಣದ ನಮ್ಮ ಕನ್ನಡ ಶಾಲೆಯ ಆಡಳಿತ ಮಂಡಳಿಯವರೇ, ಮಕ್ಕಳಿಗೆ ಸತ್ಯ ಹೇಳಲು ಕಲಿಸಿದ ಅಕ್ಕನನ್ನು ಹೊರಹಾಕಿದವರು ನೀವು. ಹೊಸ ಲ್ಯಾಮಿನೇಷನ್ನಿನ ವಾಸನೆ ಬಂದರೆ ಇಂದಿಗೂ ಆ ಶನಿವಾರದ ಮಧ್ಯಾಹ್ನ ನೆನಪಾಗಿ, ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ.

ನಾನಾಗ ನಾಲ್ಕನೆಯ ತರಗತಿಯಲ್ಲಿದ್ದೆ. ಜೀವನ ಕೌಶಲ ಕಲಿಸಲು ವಾರಕ್ಕೊಮ್ಮೆ ಬರುತ್ತಿದ್ದ ಉಡುಪಿ ಮೂಲದ ಅಕ್ಕ, ಅಂದು ಅಂಗಿಗೆ ಗುಂಡಿ ಹೊಲಿಯುವುದನ್ನು ತೋರಿಸುತ್ತಿದ್ದರು. ನನ್ನ ಎಂಜಲು ಹಚ್ಚಿದ ದಾರ ಇನ್ನೂ ಸೂಜಿಯೊಳಗೆ ಹೋಗಿರಲಿಲ್ಲ. ಅಷ್ಟರಲ್ಲಿ ಮಂಡಳಿಯ ಕಾರ್ಯದರ್ಶಿಗಳು ಫೋಟೋಗ್ರಾಫರನೊಡನೆ ಬಂದು, ಆಗಷ್ಟೇ ಲ್ಯಾಮಿನೇಷನ್ ಮಾಡಿಸಿ ತಂದ, ಇನ್ನೂ ಬೆಚ್ಚಗಿದ್ದ ಪ್ರಮಾಣಪತ್ರಗಳನ್ನು ನಮ್ಮ ಕೈಗಿತ್ತರು. ‘ಹೊಲಿಗೆ, ಪ್ರಥಮ ಚಿಕಿತ್ಸೆ ಕಲಿತಿದ್ದಾಳೆ’ ಎಂದು ನನ್ನದರಲ್ಲಿತ್ತು.

“ಸರ್, ಇದ್ಯಾವ್ದೂ ನಮಗಿನ್ನೂ ಬರಲ್ಲ,” ಎಂದೆ.

“ಭಾಳ ಶಾಣ್ಯಾಕಿ ಇದ್ದೀಯಲ್ಲವಾ! ಮೊದ್ಲ ಫೋಟೋಕ್ಕ ನಗು, ಆಮ್ಯಾಲೆ ಕಲೀವಂತಿ,” ಎಂದು ಕಾರ್ಯದರ್ಶಿಗಳು ನಕ್ಕರು.

ಅಕ್ಕ ನಗಲಿಲ್ಲ. “ಮಗು ಹೇಳಿದ್ದು ಸರಿ ಉಂಟು ಸರ್. ಕಲಿಸಿ ಆದ ಮೇಲೆ ಕೊಡುವ,” ಎಂದು ಎಲ್ಲರಿಂದ ಪ್ರಮಾಣಪತ್ರಗಳನ್ನು ಹಿಂದಕ್ಕೆ ಪಡೆದರು.

ಮುಂದಿನ ಶನಿವಾರ ಅಕ್ಕ ಬರಲಿಲ್ಲ. “ಅವರನ್ನ ಬೇಡ ಅಂದ್ರಂತೆ,” ಎಂದು ನಮ್ಮ ಟೀಚರ್ ನನ್ನ ಮುಖ ನೋಡದೆ ಹೇಳಿದರು. ಅಕ್ಕನ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ.

ಅಂದು ತಪ್ಪು ಮಾಡಿದ್ದು ಅಕ್ಕನೋ ನಾನೋ ಎಂಬುದಕ್ಕೆ ಲಿಖಿತವಾಗಿ ಉತ್ತರಿಸಬೇಕೆಂದೂ, ನಿಂತುಹೋದ ಆ ತರಗತಿಯನ್ನು ಈ ವರ್ಷವೇ ಮತ್ತೆ ಆರಂಭಿಸಬೇಕೆಂದೂ ಮಂಡಳಿಯನ್ನು ಕೋರುತ್ತೇನೆ.